‘ಕರ್ಟಿಯಸ್’ ಎಂದರೆ ವಿನಯವೇ? ‘ಪೊಲೈಟ್’ಗೂ ಅದಕ್ಕೂ ಏನು ವ್ಯತ್ಯಾಸ?

ಪ್ರಶ್ನೆ: ನಾನು ಬದಿಯಡ್ಕದ ಕಡೆಯವಳು. ಹತ್ತನೆಯ ತರಗತಿಯ ತನಕ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಕಾಸರಗೋಡು ಪೇಟೆಯ ಒಂದು ಸಂಸ್ಥೆಯಲ್ಲಿ ಕೌಂಟರ್ ಕೆಲಸ. ನಮಗೆ ಬಂದ ಸೂಚನೆಯಲ್ಲಿ ‘ಬಿ ಕರ್ಟಿಯಸ್ ಟು ಆಲ್ ಕಸ್ಟಮರ್ಸ್’ ಎಂದಿದೆ. ಅದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಾಕಲು ನನಗೆ ಹೇಳಿದ್ದಾರೆ. ‘ವಿನಯದಿಂದಿರಿ’ ಎಂದು ಬರೆದರೆ ಸರಿಯೇ? ‘ಪೊಲೈಟ್’ ಎನ್ನುವ ಬದಲು ‘ಕರ್ಟಿಯಸ್’ ಎಂದದ್ದು ಯಾಕೆ? ಕೆಲವರು ‘ಕೋರ್ಟಿಯಸ್’ ಎನ್ನುತ್ತಾರೆ, ಯಾವುದು ಸರಿ? ಇನ್ನೊಂದು ಸಂಗತಿ: ನಾನು ಮೇಲ್ ಬರೆಯುವಾಗ ತಪ್ಪದೆ ‘ಪ್ಲೀಸ್’ ಹಾಕುತ್ತೇನೆ, ಆದರೂ ಒರಟಾಗಿದೆ ಎಂದು ವಾಪಸು ಬರುತ್ತದೆ. ಮೊನ್ನೆ ಬರೆದದ್ದು ಹೀಗೆ: ‘ಪ್ಲೀಸ್ ಸೆಂಡ್ ದ ಸ್ಟೇಟ್‌ಮೆಂಟ್ ಟುಡೇ ಇಟ್‌ಸೆಲ್ಫ್. ಐ ಹ್ಯಾವ್ ಆಲ್ರೆಡಿ ಟೋಲ್ಡ್ ಯು. ರಿಪ್ಲೈ ಫಾಸ್ಟ್.’ ಇದರಲ್ಲಿ ಎಲ್ಲಿ ತಪ್ಪಿದೆ?

ಉತ್ತರ: ಗೋಡೆಗೆ ‘ವಿನಯದಿಂದಿರಿ’ ಎಂದು ಬರೆಯಬೇಡಿ. ಚಿಕ್ಕ ನಿಘಂಟುಗಳಲ್ಲಿ ಪೊಲೈಟ್, ಕರ್ಟಿಯಸ್, ಹಂಬಲ್ ಮೂರಕ್ಕೂ ‘ವಿನಯ’ ಎಂಬ ಒಂದೇ ಅರ್ಥ ಕೊಟ್ಟಿರುವುದುಂಟು. ಗೊಂದಲ ಶುರುವಾಗುವುದೇ ಅಲ್ಲಿಂದ. ವಿನಯ ಎಂದರೆ ತನ್ನನ್ನು ತಾನು ದೊಡ್ಡದು ಮಾಡಿಕೊಳ್ಳದೆ ತಗ್ಗಿ ನಡೆಯುವುದು. ಇಂಗ್ಲಿಷಿನಲ್ಲಿ ಅದು ಹಂಬಲ್. ಕರ್ಟಿಯಸ್ ಎಂಬಲ್ಲಿ ತಗ್ಗುವ ಮಾತೇ ಇಲ್ಲ. ಎದುರಿಗಿರುವವರಿಗೂ ಒಂದು ಗೌರವ ಉಂಟು, ಅವರಿಗೂ ಸಮಯ, ಅನುಕೂಲ ಎಂಬುದು ಉಂಟು ಎಂದು ಅರಿತು, ಅದಕ್ಕೆ ತಕ್ಕ ಹಾಗೆ ಮಾತಿನಲ್ಲಿಯೂ ನಡತೆಯಲ್ಲಿಯೂ ನಡೆದುಕೊಳ್ಳುವವರು ಕರ್ಟಿಯಸ್. ನ್ಯಾಯಾಧೀಶರು ಆರೋಪಿಯ ಜತೆ ಕರ್ಟಿಯಸ್ ಆಗಿರಬಹುದು, ಹೆಡ್‌ಮಾಸ್ಟರರು ಐದನೇ ತರಗತಿಯ ಮಗುವಿನ ಜತೆಯೂ ಕರ್ಟಿಯಸ್ ಆಗಿರಬಹುದು. ಇಬ್ಬರೂ ತಮ್ಮ ಸ್ಥಾನದಿಂದ ಒಂದಿಂಚೂ ಕೆಳಗೆ ಇಳಿಯಬೇಕಿಲ್ಲ. ಕೌಂಟರಿನಲ್ಲಿ ಕೂತವರಿಗೆ ಇದು ಬಹಳ ಮುಖ್ಯ. ಸಂಸ್ಥೆ ನಿಮ್ಮಿಂದ ಕೇಳುತ್ತಿರುವುದು ಕೈಮುಗಿದು ನಿಲ್ಲುವುದನ್ನಲ್ಲ, ಬಂದವರನ್ನು ಮನುಷ್ಯರಂತೆ ನಡೆಸಿಕೊಳ್ಳುವುದನ್ನು.

ಪೊಲೈಟ್‌ಗೂ ಕರ್ಟಿಯಸ್‌ಗೂ ಇರುವ ವ್ಯತ್ಯಾಸ ರಸ್ತೆಯಲ್ಲಿ ಚೆನ್ನಾಗಿ ಕಾಣುತ್ತದೆ. ಚೆರ್ಕಳ–ಕಲ್ಲಡ್ಕ ರಸ್ತೆಯ ತಿರುವಿನಲ್ಲಿ ಎದುರು ಬರುವ ಬಸ್ಸಿಗೆ ಜಾಗ ಬಿಟ್ಟು ನಿಲ್ಲುವವನು, ರಾತ್ರಿ ಎದುರಿನ ವಾಹನ ಕಂಡಾಗ ಹೆಡ್‌ಲೈಟ್ ಡಿಮ್ ಮಾಡುವವನು, ಶಾಲೆಯ ಮಕ್ಕಳು ರಸ್ತೆ ದಾಟುವ ತನಕ ಕಾಯುವವನು ‘ಎ ಕರ್ಟಿಯಸ್ ಡ್ರೈವರ್’. ಅವನು ಬಾಯಿ ತೆರೆದೇ ಇಲ್ಲ, ಆದರೂ ಆ ಗುಣವಾಚಕ ಅವನಿಗೆ ಸಲ್ಲುತ್ತದೆ. ‘ಎ ಪೊಲೈಟ್ ಡ್ರೈವರ್’ ಎಂದರೆ ಕೇಳುವವರ ಮನಸ್ಸಿಗೆ ಬರುವುದು ಬೇರೆ ಚಿತ್ರ: ಪ್ರಯಾಣಿಕರ ಜತೆ ನಯವಾಗಿ ಮಾತಾಡುವ ಟ್ಯಾಕ್ಸಿ ಡ್ರೈವರ್. ಪೊಲೈಟ್ ಹೆಚ್ಚಾಗಿ ಮಾತಿಗೆ, ರೀತಿಗೆ ಸೇರಿದ್ದು. ಒರಟು ಮಾತಾಡದಿದ್ದರೆ, ಪ್ಲೀಸ್, ಥ್ಯಾಂಕ್ಸ್ ಹೇಳಿದರೆ ಪೊಲೈಟ್ ಆದ ಹಾಗೆ. ಕರ್ಟಿಯಸ್ ಆಗಲು ಅಷ್ಟು ಸಾಲದು, ಎದುರಿನವರಿಗೆ ಏನು ಬೇಕು ಎಂಬ ಕಡೆಗೆ ಗಮನವೂ ಬೇಕು. ನಿಮ್ಮ ಸಂಸ್ಥೆ ಈ ಪದ ಆರಿಸಿದ್ದು ಅದಕ್ಕೇ ಇರಬೇಕು. ನಗುತ್ತಾ ‘ಸಾರಿ ಸರ್’ ಎಂದು ಹೇಳಿ, ಮುಪ್ಪಿನವರನ್ನು ಅರ್ಧ ಗಂಟೆ ನಿಲ್ಲಿಸಿದ ನೌಕರ ಪೊಲೈಟ್ ಇರಬಹುದು, ಕರ್ಟಿಯಸ್ ಅಲ್ಲ. ಸರತಿಯಲ್ಲಿ ನಿಂತ ಅಜ್ಜಿಗೆ ಕುರ್ಚಿ ತೋರಿಸಿ, ಅವರ ಸರದಿ ಬಂದಾಗ ತಾನೇ ಕರೆದವಳು ಕರ್ಟಿಯಸ್.

ಏಳು ಭಾಷೆಗಳ ಈ ಊರಿನಲ್ಲಿ ಇನ್ನೊಂದು ಉದಾಹರಣೆ ದಿನವೂ ಸಿಗುತ್ತದೆ. ತುಳುವಿನಲ್ಲಿ ಕೇಳಿದವರಿಗೆ ತುಳುವಿನಲ್ಲಿ, ಮಲಯಾಳದಲ್ಲಿ ಕೇಳಿದವರಿಗೆ ಮಲಯಾಳದಲ್ಲಿ ಉತ್ತರ ಕೊಡಲು ಪ್ರಯತ್ನಿಸುವುದನ್ನು ಇಂಗ್ಲಿಷ್ ಬಲ್ಲವರು ಕರ್ಟಿಯಸ್ ಎಂದೇ ಕರೆಯುತ್ತಾರೆ.

ಪೊಲೈಟ್‌ಗೆ ಇನ್ನೊಂದು ಮುಖವಿದೆ, ಅದು ತಣ್ಣಗಿನದು. ‘ಪೊಲೈಟ್ ಅಪ್ಲಾಸ್’ ಎಂದರೆ ಕಾರ್ಯಕ್ರಮ ಚೆನ್ನಾಗಿರದಿದ್ದರೂ ಬಿಡಬಾರದೆಂದು ತಟ್ಟಿದ ಚಪ್ಪಾಳೆ. ‘ಎ ಪೊಲೈಟ್ ಸ್ಮೈಲ್’ ಎಂದರೆ ಮನಸ್ಸಿಲ್ಲದ ನಗು. ‘ಹಿ ಈಸ್ ಪೊಲೈಟ್’ ಎಂದರೆ ಅವನ ಸ್ವಭಾವವೇ ಹಾಗೆ. ‘ಹಿ ಈಸ್ ಜಸ್ಟ್ ಬೀಯಿಂಗ್ ಪೊಲೈಟ್’ ಎಂದರೆ ಬರೀ ಬಾಯುಪಚಾರ, ನಂಬಬೇಡ ಎಂದರ್ಥ. ಕರ್ಟಿಯಸ್ ಎಂಬ ಪದಕ್ಕೆ ಈ ಅನುಮಾನದ ನೆರಳು ಬಹಳ ಕಡಿಮೆ. ಹಾಗೆಂದು ಎಲ್ಲ ಕಡೆ ಅದನ್ನೇ ಬಳಸಲಾಗದು. ಚಿಕ್ಕ ಮಕ್ಕಳನ್ನು ಹೊಗಳುವಾಗ ‘ಸಚ್ ಎ ಪೊಲೈಟ್ ಬಾಯ್’ ಎನ್ನುವುದೇ ವಾಡಿಕೆ. ‘ಕರ್ಟಿಯಸ್ ಬಾಯ್’ ವ್ಯಾಕರಣಕ್ಕೆ ತಪ್ಪಲ್ಲ, ಆದರೆ ಹುಡುಗನಿಗೆ ದೊಡ್ಡವರ ಕೋಟು ತೊಡಿಸಿದ ಹಾಗೆ ಕೇಳುತ್ತದೆ. ‘ನೀವು’, ‘ಬನ್ನಿ’ ಮುಂತಾದ ಗೌರವ ರೂಪಗಳಿಗೆ ವ್ಯಾಕರಣದಲ್ಲಿ ‘ಪೊಲೈಟ್ ಫಾರ್ಮ್’ ಎಂದೇ ಹೆಸರು. ಅಲ್ಲಿ ಕರ್ಟಿಯಸ್ ಹೊಂದುವುದಿಲ್ಲ. ಮದುವೆ ಕಾಗದದ ಆದರದ ಆಮಂತ್ರಣಕ್ಕೆ ‘ಕಾರ್ಡಿಯಲ್’. ಕರ್ಟಿಯಸ್ ಜತೆ ಸಹಜವಾಗಿ ಬರುವ ನಾಮಪದಗಳು ಇವು: ರಿಪ್ಲೈ, ಲೆಟರ್, ಮ್ಯಾನರ್, ಸರ್ವಿಸ್, ಸ್ಟಾಫ್, ಆಫೀಸರ್, ಹೋಸ್ಟ್, ಡ್ರೈವರ್. ಒತ್ತು ಕೊಡಬೇಕಾದರೆ ‘ಆಲ್ವೇಸ್ ಕರ್ಟಿಯಸ್’, ‘ಅನ್‌ಫೇಲಿಂಗ್ಲಿ ಕರ್ಟಿಯಸ್’ ಎನ್ನುತ್ತಾರೆ. ಎರಡನೆಯದಕ್ಕೆ ಒಮ್ಮೆಯೂ ತಪ್ಪದೆ ಎಂದರ್ಥ.

ಹತ್ತಿರದ ಇನ್ನು ಕೆಲವು ಪದಗಳನ್ನು ಬೇಗ ನೋಡಿಬಿಡೋಣ. ‘ಸಿವಿಲ್’ ಇವುಗಳಲ್ಲಿ ಅತಿ ಕೆಳಗಿನ ಮೆಟ್ಟಿಲು: ಜಗಳವಿಲ್ಲ, ಅಷ್ಟೇ. ಗಡಿ ತಕರಾರು ಇರುವ ನೆರೆಮನೆಯವರು ಎದುರಾದಾಗ ತಲೆಯಾಡಿಸಿ ಹೋದರೆ ‘ದೇ ಆರ್ ಸಿವಿಲ್ ಟು ಈಚ್ ಅದರ್’. ‘ರೆಸ್ಪೆಕ್ಟ್‌ಫುಲ್’ ಹೆಚ್ಚಾಗಿ ಹಿರಿಯರ, ಗೌರವಸ್ಥರ ಕಡೆಗೆ. ‘ಗ್ರೇಶಿಯಸ್’ ಎಂದರೆ ತನ್ನ ಕೈ ಮೇಲಾಗಿದ್ದರೂ ಅದನ್ನು ತೋರಿಸದವರು, ಅಥವಾ ಸೋತಾಗಲೂ ಗೆದ್ದವರನ್ನು ಮನಸಾರೆ ಹರಸುವವರು. ‘ಕನ್ಸಿಡರೇಟ್’ ಎಂದರೆ ಇನ್ನೊಬ್ಬರ ಕಷ್ಟವನ್ನು ಮೊದಲೇ ಊಹಿಸಿ ನಡೆಯುವವರು. ‘ಆಬ್ಸೀಕ್ವಿಯಸ್’ ಬೈಗುಳ: ಹಲ್ಲುಗಿಂಜಿ ಬೆನ್ನು ಬಾಗಿಸುವವರಿಗೆ. ‘ವಿನಯ’ ಅತಿಯಾದರೆ ಹೋಗಿ ಸೇರುವುದು ಇಲ್ಲಿಗೇ.

ಉಚ್ಚಾರದ ಪ್ರಶ್ನೆಗೆ ಬರುತ್ತೇನೆ. ‘ಕೋರ್ಟಿಯಸ್’ ಅಲ್ಲ, ‘ಕರ್-ಟಿ-ಅಸ್’. ಮೂರು ಭಾಗ, ಒತ್ತು ಮೊದಲನೆಯದರ ಮೇಲೆ. ಆ ‘ಕರ್’ ಎಂಬಲ್ಲಿ ‘ಬರ್ಡ್’, ‘ಗರ್ಲ್’ ಪದಗಳ ಸ್ವರವೇ ಇದೆ. ಬ್ರಿಟಿಷರು ರಕಾರವನ್ನು ನುಂಗಿ ಸ್ವರವನ್ನು ಎಳೆಯುತ್ತಾರೆ, ಅಮೆರಿಕದವರು ರಕಾರವನ್ನು ನಾಲಿಗೆ ಮಡಚಿ ಹೇಳುತ್ತಾರೆ. ನಾವು ಸ್ಪಷ್ಟ ರಕಾರ ಹೇಳಿದರೆ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಸ್ವರ ತಪ್ಪಿದರೆ ಮಾತ್ರ ತೊಂದರೆ. ಕೊನೆಯಲ್ಲಿ ‘ಯೋಸ್’ ಎಂದು ಎಳೆಯಬೇಡಿ. ‘ರೈಟಿಯಸ್’ ಎಂದು ಬರೆದಂತೆ ಕಾಣುವ ಪದವನ್ನು ‘ರೈಚಸ್’ ಎನ್ನುತ್ತಾರಲ್ಲ, ಅದನ್ನು ನೋಡಿ ‘ಕರ್ಚಸ್’ ಎನ್ನುವವರೂ ಇದ್ದಾರೆ. ಅದು ಬೇಡ, ಇಲ್ಲಿ ಟಕಾರ ಉಳಿಯುತ್ತದೆ. ‘ಕ್ಯೂರಿಯಸ್’ ಬೇರೆಯೇ ಪದ, ಕುತೂಹಲಿ ಎಂದರ್ಥ.

‘ಕೋರ್ಟಿಯಸ್’ ಎಂಬ ತಪ್ಪು ಹುಟ್ಟುವುದು ಕಾಗುಣಿತದಿಂದ. ಅಕ್ಷರಗಳು ಸಿ-ಒ-ಯು-ಆರ್-ಟಿ-ಇ-ಒ-ಯು-ಎಸ್, ಮೊದಲ ಐದು ಅಕ್ಷರ ‘ಕೋರ್ಟ್’ ಎಂದೇ ಇವೆ. ಸಂಬಂಧವೂ ನಿಜವಾದದ್ದೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆಯ ಮಾತು ಫ್ರೆಂಚ್ ಆಯಿತು. ಹಾಗೆ ಬಂದ ಪದಗಳಲ್ಲಿ ಇದೂ ಒಂದು, 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಯೂರಿತ್ತು. ಕೋರ್ಟ್ ಎಂದರೆ ಆಗ ರಾಜನ ಆಸ್ಥಾನ, ಅಲ್ಲಿಗೆ ತಕ್ಕ ನಡತೆ ಉಳ್ಳವನು ಕರ್ಟಿಯಸ್. ನಮ್ಮ ‘ಸಭ್ಯ’ವೂ ಇದೇ ದಾರಿಯಲ್ಲಿ ಬಂದದ್ದು, ಸಭೆಗೆ ತಕ್ಕವನು ಸಭ್ಯ. ಪೊಲೈಟ್‌ನ ಮೂಲ ಲ್ಯಾಟಿನ್, ಉಜ್ಜಿ ನುಣುಪು ಮಾಡಿದ್ದು ಎಂದರ್ಥ. ‘ನಯ’ ಎಂಬ ನಮ್ಮ ಪದಕ್ಕೂ ನುಣುಪು, ಮಾತಿನ ಸೊಗಸು ಎರಡೂ ಅರ್ಥ ಇರುವುದರಿಂದ ಪೊಲೈಟ್‌ಗೆ ‘ನಯವಾದ’ ಎಂಬುದು ಒಳ್ಳೆಯ ಜೋಡಿ. ಕಾಗುಣಿತದಲ್ಲಿ ಎಡವುವುದು ಟಿ ಆದ ಮೇಲೆ: ಅಲ್ಲಿ ಐ ಅಲ್ಲ, ಇ. ‘ಕೋರ್ಟ್’ ಬರೆದು ‘ಇ-ಒ-ಯು-ಎಸ್’ ಸೇರಿಸಿ ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ.

ಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಒಂದು ಎಚ್ಚರಿಕೆ. ‘ಕರ್ಟ್’ ಎಂಬ ಇನ್ನೊಂದು ಗುಣವಾಚಕ ಇದೆ, ಅಕ್ಷರ ಸಿ-ಯು-ಆರ್-ಟಿ. ಕಿವಿಗೆ ಕರ್ಟಿಯಸ್‌ನ ಮೊದಲ ಭಾಗವೇ ಅನ್ನಿಸುತ್ತದೆ, ಅರ್ಥ ಮಾತ್ರ ಪೂರ್ತಿ ವಿರುದ್ಧ: ಮುಖಕ್ಕೆ ಹೊಡೆದ ಹಾಗೆ ಎರಡೇ ಮಾತಿನಲ್ಲಿ ಮುಗಿಸುವವರು. ‘ಎ ಕರ್ಟ್ ರಿಪ್ಲೈ’ಗೂ ‘ಎ ಕರ್ಟಿಯಸ್ ರಿಪ್ಲೈ’ಗೂ ನಡುವೆ ಅಜಗಜಾಂತರ. ಎರಡಕ್ಕೂ ಮೂಲದಲ್ಲಿ ಸಂಬಂಧವಿಲ್ಲ, ಕರ್ಟ್ ಎಂಬುದು ಮೊಟಕು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ವಿರುದ್ಧಾರ್ಥಕ ಕೇಳಿದರೆ ‘ಡಿಸ್‌ಕರ್ಟಿಯಸ್’ ಬರೆಯಿರಿ. ಪೊಲೈಟ್‌ಗೆ ‘ಇಂಪೊಲೈಟ್’, ಸಿವಿಲ್‌ಗೆ ‘ಅನ್‌ಸಿವಿಲ್’, ರೆಸ್ಪೆಕ್ಟ್‌ಫುಲ್‌ಗೆ ‘ಡಿಸ್‌ರೆಸ್ಪೆಕ್ಟ್‌ಫುಲ್’. ‘ರೂಡ್’ ಎಲ್ಲದಕ್ಕೂ ಸಲ್ಲುತ್ತದೆ. ಹೋಲಿಕೆಗೆ ‘ಮೋರ್ ಕರ್ಟಿಯಸ್’, ‘ಮೋಸ್ಟ್ ಕರ್ಟಿಯಸ್’. ಪೊಲೈಟ್‌ಗೆ ‘ಪೊಲೈಟರ್’ ಎಂದೂ ‘ಮೋರ್ ಪೊಲೈಟ್’ ಎಂದೂ ಬಳಕೆಯಿದೆ.

ವಾಕ್ಯದಲ್ಲಿ ಕನ್ನಡಿಗರು ಎಡವುವ ಕಡೆ ಎರಡು. ಒಂದು, ಕರ್ಟಿಯಸ್ ಆದ ಮೇಲೆ ಬರುವ ಚಿಕ್ಕ ಪದ. ನಾವು ‘ಗ್ರಾಹಕರೊಂದಿಗೆ’, ‘ಗ್ರಾಹಕರ ಜತೆ’ ಎನ್ನುತ್ತೇವಾದ್ದರಿಂದ ಕೈ ತಾನಾಗಿ ‘ಕರ್ಟಿಯಸ್ ವಿದ್’ ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ‘ಟು’ ಅಥವಾ ‘ಟುವರ್ಡ್ಸ್’ ಹಾಕುವುದು ಕ್ಷೇಮ: ‘ಕರ್ಟಿಯಸ್ ಟು ಕಸ್ಟಮರ್ಸ್’. ಒಬ್ಬರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮೆಚ್ಚುವಾಗ ಮಾತ್ರ ‘ಆಫ್’ ಬರುತ್ತದೆ: ‘ಇಟ್ ವಾಸ್ ಕರ್ಟಿಯಸ್ ಆಫ್ ಯು ಟು ವೇಟ್’, ನೀವು ಕಾದು ನಿಂತದ್ದು ನಿಮ್ಮ ಸೌಜನ್ಯ. ಎರಡನೆಯದು ‘ಕರ್ಟಿಯಸ್ಲಿ’. ಕನ್ನಡದ ‘ಆಗಿ’ ಎರಡೂ ಕೆಲಸ ಮಾಡುತ್ತದೆ. ‘ಸೌಜನ್ಯವಾಗಿ ಮಾತಾಡಿದರು’ ಎನ್ನುತ್ತೇವೆ, ‘ಸೌಜನ್ಯವಾಗಿ ಕಾಣುತ್ತಾರೆ’ ಎಂದೂ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಸ್ಪೋಕ್ ಕರ್ಟಿಯಸ್ಲಿ’, ಎರಡನೆಯದು ‘ಸೀಮ್ಸ್ ಕರ್ಟಿಯಸ್’. ಬಿ, ಸೀಮ್, ಸೌಂಡ್, ಲುಕ್ ಎಂಬ ಕ್ರಿಯಾಪದಗಳು ಹೀಗೆ ಬಂದಾಗ ‘ಲಿ’ ಸೇರಿಸಬಾರದು.

ನಾಮಪದ ‘ಕರ್ಟಸಿ’. ಪತ್ರಿಕೆಯ ಚಿತ್ರದ ಕೆಳಗೆ ‘ಕರ್ಟಸಿ’ ಎಂದು ಇರುವುದನ್ನು ನಮ್ಮ ಪತ್ರಿಕೆಗಳು ‘ಕೃಪೆ’ ಎನ್ನುತ್ತವೆ, ಅಲ್ಲಿ ನಡತೆಯ ಮಾತಿಲ್ಲ, ಅನುಮತಿಯ ಮಾತು. ‘ಕರ್ಟಸಿ ಕಾಲ್’ ಎಂದರೆ ಸೌಜನ್ಯದ ಭೇಟಿ. ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ‘ಪ್ಲೀಸ್ ಹ್ಯಾವ್ ದ ಕರ್ಟಸಿ ಟು ರಿಪ್ಲೈ’ ಎಂಬುದು ನೋಡಲು ನಯವಾಗಿದೆ, ಅರ್ಥ ಮಾತ್ರ ‘ಉತ್ತರ ಕೊಡುವಷ್ಟು ಸೌಜನ್ಯವಾದರೂ ಇರಲಿ’ ಎಂದು. ಸಿಟ್ಟು ನೆತ್ತಿಗೇರಿದವರು ಬರೆಯುವ ವಾಕ್ಯ ಅದು. ಮೇಲಧಿಕಾರಿಗೆ ಬರೆದರೆ ಕೆಲಸಕ್ಕೇ ಕುತ್ತು.

ಈಗ ನಿಮ್ಮ ಮೇಲ್. ‘ಪ್ಲೀಸ್’ ಹಾಕಿದರೂ ಒರಟು ಯಾಕೆ? ನಮ್ಮ ಭಾಷೆಗಳಲ್ಲಿ ಗೌರವ ಸರ್ವನಾಮದ ಮೇಲೆ, ಕ್ರಿಯಾಪದದ ಬಾಲದ ಮೇಲೆ ಕೂತಿರುತ್ತದೆ. ‘ಕೊಡು’ ಎಂಬುದನ್ನು ‘ಕೊಡಿ’ ಮಾಡಿದರೆ ಕೆಲಸ ಮುಗಿಯಿತು. ತುಳುವಿನಲ್ಲಿ ‘ಬಲ’ ಎಂಬುದು ‘ಬಲೆ’ ಆದರೆ ಸಾಕು, ‘ಈ’ ಹೋಗಿ ‘ಈರ್’ ಬಂದರೆ ಸಾಕು. ಇಂಗ್ಲಿಷಿನ ‘ಯು’ ಯಾವ ಗೌರವವನ್ನೂ ಹೊರುವುದಿಲ್ಲ, ‘ಗಿವ್’ ಎಂಬುದಕ್ಕೆ ‘ಕೊಡಿ’ ಎಂಬ ರೂಪವೇ ಇಲ್ಲ. ಹಾಗಾಗಿ ಆಜ್ಞೆಯ ವಾಕ್ಯಕ್ಕೆ ‘ಪ್ಲೀಸ್’ ಅಂಟಿಸಿದರೂ ಅದು ಆಜ್ಞೆಯಾಗಿಯೇ ಉಳಿಯುತ್ತದೆ. ಅಲ್ಲಿ ಸೌಜನ್ಯ ಬರುವುದು ವಾಕ್ಯದ ಕಟ್ಟಣೆಯಿಂದ: ಆಜ್ಞೆಯನ್ನು ಪ್ರಶ್ನೆ ಮಾಡುವುದು, ವರ್ತಮಾನವನ್ನು ಭೂತಕಾಲದ ರೂಪಕ್ಕೆ ತಿರುಗಿಸುವುದು, ಬೇಡ ಎನ್ನಲು ಎದುರಿನವರಿಗೆ ಜಾಗ ಬಿಡುವುದು.

ಭೂತಕಾಲದ ಉಪಾಯ ನಮಗೆ ಹೊಸದೇನಲ್ಲ. ಕಚೇರಿಗೆ ಹೋಗಿ ‘ಒಂದು ಫಾರಂ ಬೇಕು’ ಎನ್ನುವುದಕ್ಕಿಂತ ‘ಒಂದು ಫಾರಂ ಬೇಕಿತ್ತು’ ಎನ್ನುವುದು ಮೆತ್ತಗೆ. ‘ನಿಮ್ಮಲ್ಲಿ ಒಂದು ವಿಷಯ ಕೇಳ್ಬೇಕಿತ್ತು’ ಎಂದಾಗ ನಿನ್ನೆ ಬೇಕಿತ್ತು ಎಂದಲ್ಲ, ಈಗಲೇ ಬೇಕು, ಆದರೆ ಒತ್ತಾಯವಿಲ್ಲ ಎಂದು. ಇಂಗ್ಲಿಷಿನ ಕುಡ್, ವುಡ್, ‘ಐ ವಾಂಟೆಡ್ ಟು ಆಸ್ಕ್’, ‘ಐ ವಾಸ್ ವಂಡರಿಂಗ್ ಇಫ್’ ಎಲ್ಲವೂ ಮಾಡುವುದು ನಿಮ್ಮ ಬಾಯಲ್ಲಿ ಇರುವ ಈ ‘ಬೇಕಿತ್ತು’ ಮಾಡುವ ಕೆಲಸವನ್ನೇ. ಮಲಯಾಳದ ‘ತರಾಮೋ’ ಗೊತ್ತಿದ್ದರೆ ‘ಕುಡ್ ಯು ಗಿವ್ ಮಿ’ ಇನ್ನೂ ಸುಲಭ, ಎರಡೂ ಪ್ರಶ್ನೆಯ ರೂಪದ ಕೋರಿಕೆಗಳು.

ಮೆಟ್ಟಿಲು ಹೀಗಿದೆ. ‘ಗಿವ್ ಮಿ ದ ಫೈಲ್’ ಆಜ್ಞೆ. ‘ಪ್ಲೀಸ್ ಗಿವ್ ಮಿ ದ ಫೈಲ್’ ನಯವಾದ ಆಜ್ಞೆ, ಪಕ್ಕದ ಮೇಜಿನ ಸಹೋದ್ಯೋಗಿಗೆ ನಡೆಯುತ್ತದೆ. ‘ಕ್ಯಾನ್ ಯು ಗಿವ್ ಮಿ ದ ಫೈಲ್, ಪ್ಲೀಸ್?’ ದಿನಬಳಕೆಗೆ ಸರಿ. ‘ಕುಡ್ ಯು ಪ್ಲೀಸ್ ಗಿವ್ ಮಿ ದ ಫೈಲ್?’ ಗ್ರಾಹಕರಿಗೂ ಮೇಲಧಿಕಾರಿಗೂ ಸಲ್ಲುವುದು, ಇದೊಂದನ್ನು ಗಟ್ಟಿ ಮಾಡಿಕೊಂಡರೆ ಹೆಚ್ಚಿನ ಸಂದರ್ಭ ದಾಟಬಹುದು. ‘ವುಡ್ ಯು ಮೈಂಡ್’ ಎಂದು ಶುರು ಮಾಡಿದರೆ ಮುಂದಿನ ಕ್ರಿಯಾಪದಕ್ಕೆ ‘ಇಂಗ್’ ಸೇರಬೇಕು: ‘ವುಡ್ ಯು ಮೈಂಡ್ ವೇಟಿಂಗ್ ಎ ಮಿನಿಟ್?’ ಇದಕ್ಕೆ ಉತ್ತರ ಕೊಡುವಾಗ ಜಾಗ್ರತೆ. ‘ನಿಮಗೆ ಅಡ್ಡಿಯುಂಟೇ’ ಎಂಬುದು ಪ್ರಶ್ನೆ, ಆದ್ದರಿಂದ ಒಪ್ಪಿಗೆ ಇದ್ದರೆ ‘ನಾಟ್ ಅಟ್ ಆಲ್’ ಎನ್ನಬೇಕು. ‘ಯೆಸ್’ ಎಂದರೆ ಆಗುವುದಿಲ್ಲ ಎಂದ ಹಾಗೆ. ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್’ ಎಂಬುದು ದೊಡ್ಡ ಉಪಕಾರ ಕೇಳುವಾಗ ಮಾತ್ರ. ಒಂದು ಪೆನ್ನಿಗೆ ಅಷ್ಟು ಬೇಡ.

ಮೆಟ್ಟಿಲಿನ ತುದಿ ದಾಟಿ ಹೋಗುವುದೂ ತಪ್ಪೇ. ‘ಐ ಹಂಬ್ಲಿ ರಿಕ್ವೆಸ್ಟ್ ಯು ಟು ಕೈಂಡ್ಲಿ ಪ್ಲೀಸ್’ ಎಂದು ಒಂದರ ಮೇಲೊಂದು ಹೇರಿದರೆ ಅರ್ಥ ಹೆಚ್ಚುವುದಿಲ್ಲ, ಓದುವವರಿಗೆ ವಿಷಯ ಸಿಗುವುದು ತಡವಾಗುತ್ತದೆ. ‘ಪ್ಲೀಸ್’ ಇದ್ದರೆ ‘ಕೈಂಡ್ಲಿ’ ಬೇಡ. ನಮ್ಮ ದೇಶದ ಕಚೇರಿ ಪತ್ರಗಳಲ್ಲಿ ‘ಕೈಂಡ್ಲಿ’ ಸಲೀಸಾಗಿ ನಡೆಯುತ್ತದೆ, ಆದರೆ ಬ್ರಿಟಿಷರ ಕಿವಿಗೆ ಆಜ್ಞೆಯ ಜತೆ ಬಂದ ‘ಕೈಂಡ್ಲಿ’ ತಾಳ್ಮೆ ತಪ್ಪಿದವರ ಮಾತಿನಂತೆ ಕೇಳಬಹುದು. ಹೊರದೇಶಕ್ಕೆ ಬರೆಯುವಾಗ ‘ಕುಡ್ ಯು ಪ್ಲೀಸ್’ ಸಾಕು.

ನೀವು ಬರೆದ ಮೂರು ವಾಕ್ಯಗಳನ್ನು ಒಂದೊಂದಾಗಿ ನೋಡಿ. ‘ಟುಡೇ ಇಟ್‌ಸೆಲ್ಫ್’ ಎಂಬುದು ‘ಇವತ್ತೇ’ ಎಂಬುದರ ನೆರಳು. ಏಕಾರದ ಒತ್ತು ಇಂಗ್ಲಿಷಿಗೆ ಬರುವಾಗ ಬೆರಳು ತೋರಿಸಿದ ಹಾಗಾಗುತ್ತದೆ, ಅದರ ಬದಲು ಗಂಟೆ ಹೇಳಿ. ‘ಐ ಹ್ಯಾವ್ ಆಲ್ರೆಡಿ ಟೋಲ್ಡ್ ಯು’ ಎಂಬುದು ನೇರ ಆರೋಪ, ನೆನಪಿಸಲೇಬೇಕಾದರೆ ‘ಆಸ್ ಐ ಮೆನ್ಷನ್ಡ್ ಆನ್ ಮಂಡೇ’. ‘ರಿಪ್ಲೈ ಫಾಸ್ಟ್’ ಎಂಬಲ್ಲಿ ಕಾರಣವೂ ಇಲ್ಲ, ಗಡುವೂ ಇಲ್ಲ, ಬರೀ ಅವಸರ. ಹೀಗೆ ಬರೆಯಬಹುದು: ‘ಕುಡ್ ಯು ಪ್ಲೀಸ್ ಸೆಂಡ್ ದ ಸ್ಟೇಟ್‌ಮೆಂಟ್ ಬೈ ಫೋರ್ ಟುಡೇ? ವಿ ನೀಡ್ ಇಟ್ ಟು ಕ್ಲೋಸ್ ದಿಸ್ ಮಂತ್ಸ್ ಅಕೌಂಟ್ಸ್. ಇಫ್ ಫೋರ್ ಈಸ್ ಡಿಫಿಕಲ್ಟ್, ಪ್ಲೀಸ್ ಲೆಟ್ ಮಿ ನೋ ವೆನ್ ವಿ ಕ್ಯಾನ್ ಎಕ್ಸ್‌ಪೆಕ್ಟ್ ಇಟ್.’ ಪ್ರಶ್ನೆಯಾಗಿ ಕೇಳಿದ್ದೀರಿ, ಗಡುವು ಹೇಳಿದ್ದೀರಿ, ಕಾರಣ ಕೊಟ್ಟಿದ್ದೀರಿ, ಆಗದಿದ್ದರೆ ಒಂದು ದಾರಿ ಬಿಟ್ಟಿದ್ದೀರಿ. ಮೊದಲಿನದಕ್ಕಿಂತ ಉದ್ದ ನಿಜ, ಆದರೆ ಕೆಲಸ ಬೇಗ ಆಗುವುದು ಇದರಿಂದಲೇ, ಯಾಕೆಂದರೆ ಎದುರಿನವರಿಗೆ ಯಾವಾಗ, ಯಾಕೆ ಎಂಬ ಎರಡೂ ಗೊತ್ತಾಗಿದೆ.

ಪ್ರಸಂಗವಶಾತ್ ಒಂದು ಮಾತು: ಸರಕಾರಿ ಕಚೇರಿಗೆ ಬರೆಯುವುದಿದ್ದರೆ ಇಂಗ್ಲಿಷೇ ಬೇಕೆಂದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ರಾಜ್ಯ ಸರಕಾರದ ಜತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಕನ್ನಡದಲ್ಲಿ ಬರೆದರೆ ಸೌಜನ್ಯ ಕಡಿಮೆಯಾಯಿತು ಎಂದು ಯಾರೂ ಅಂಜಬೇಕಿಲ್ಲ.

ಕೌಂಟರಿನ ಮಾತಿನಲ್ಲೂ ಕನ್ನಡದ ಸೌಜನ್ಯ ಇಂಗ್ಲಿಷಿಗೆ ಹೋಗುವಾಗ ಕಳಚಿ ಬೀಳುತ್ತದೆ. ‘ಹೇಳಿ’ ಎಂಬುದು ನಮ್ಮಲ್ಲಿ ಮರ್ಯಾದೆಯ ಆರಂಭ, ‘ಟೆಲ್ ಮಿ’ ಹಾಗಲ್ಲ. ಅದಕ್ಕೆ ‘ಹೌ ಕ್ಯಾನ್ ಐ ಹೆಲ್ಪ್ ಯು?’ ‘ಎಂತ ಬೇಕಿತ್ತು?’ ಎಂದು ಕೇಳುವ ನಯ ‘ವಾಟ್ ಡು ಯು ವಾಂಟ್?’ ಎಂಬಲ್ಲಿ ಪೂರ್ತಿ ಸತ್ತುಹೋಗಿ, ಜಗಳಕ್ಕೆ ಕರೆದಂತಾಗುತ್ತದೆ. ‘ಕೂತ್ಕೊಳ್ಳಿ’ ಎಂಬುದು ‘ಸಿಟ್’ ಅಲ್ಲ, ‘ಪ್ಲೀಸ್ ಹ್ಯಾವ್ ಎ ಸೀಟ್’. ‘ಒಮ್ಮೆ ನೋಡಿ’ ಎನ್ನುವಾಗ ನಾವು ‘ಒಮ್ಮೆ’ ಎನ್ನುವುದು ಲೆಕ್ಕಕ್ಕಲ್ಲ, ಮೆತ್ತಗೆ ಮಾಡಲು. ತುಳುವಿನ ‘ಒರ’, ಮಲಯಾಳದ ‘ಒನ್ನು’ ಕೂಡ ಹಾಗೆಯೇ. ‘ಪ್ಲೀಸ್ ಚೆಕ್ ಒನ್ಸ್’ ಎಂದರೆ ಇಂಗ್ಲಿಷಿನವರಿಗೆ ಒಂದು ಸಲ ಮಾತ್ರ ನೋಡು, ಎರಡು ಸಲ ಬೇಡ ಎಂದಂತೆ ಕೇಳುತ್ತದೆ. ‘ಕುಡ್ ಯು ಹ್ಯಾವ್ ಎ ಲುಕ್?’ ಎನ್ನಿ. ಅವರು ‘ಥ್ಯಾಂಕ್ ಯು’ ಎಂದರೆ ‘ನೋ ಮೆನ್ಷನ್’ ಬೇಡ, ‘ಯು ಆರ್ ವೆಲ್ಕಮ್’ ಸಾಕು.

ಕರ್ಟಿಯಸ್ ಎಂಬುದರ ನಿಜವಾದ ಪರೀಕ್ಷೆ ಇಲ್ಲ ಎನ್ನುವಾಗ. ಒಬ್ಬರು ಸಹಿ ಇಲ್ಲದ ಅರ್ಜಿ ತಂದಿದ್ದಾರೆ ಎನ್ನೋಣ. ‘ಯು ಹ್ಯಾವ್ ನಾಟ್ ಸೈನ್ಡ್, ಕಮ್ ಟುಮಾರೋ’ ಎಂಬುದು ನಿಜವೇ, ಆದರೆ ತಪ್ಪನ್ನು ಅವರ ತಲೆಗೆ ಕಟ್ಟಿ ಬಾಗಿಲು ಹಾಕಿದ ಹಾಗೆ. ವಾಕ್ಯದ ಕರ್ತೃವನ್ನು ಬದಲಿಸಿ, ‘ಯು’ ತೆಗೆದು ಸಹಿಯನ್ನೇ ಮುಂದೆ ತನ್ನಿ: ‘ಐಯಾಮ್ ಅಫ್ರೇಡ್ ದ ಸಿಗ್ನೇಚರ್ ಈಸ್ ಮಿಸಿಂಗ್.’ ಇಲ್ಲಿ ‘ಅಫ್ರೇಡ್’ ಎಂದರೆ ಹೆದರಿಕೆಯಲ್ಲ, ಬೇಸರದ ಸುದ್ದಿ ಬರುತ್ತಿದೆ ಎಂಬ ಮುನ್ಸೂಚನೆ. ಆಮೇಲೆ ಏನು ಮಾಡಬಹುದು ಎಂಬುದು: ‘ಇಫ್ ಯು ಕ್ಯಾನ್ ಬ್ರಿಂಗ್ ಇಟ್ ಬಿಫೋರ್ ಥ್ರೀ, ವಿ ಕ್ಯಾನ್ ಟೇಕ್ ಇಟ್ ಟುಡೇ.’ ‘ಯು ಮಸ್ಟ್ ಬ್ರಿಂಗ್ ಆಧಾರ್’ ಎಂಬುದನ್ನು ‘ಯು ವಿಲ್ ನೀಡ್ ಯುವರ್ ಆಧಾರ್’ ಎಂದು ಬದಲಿಸಿ. ನಿಯಮ ಒಂದು ಕೂದಲೆಳೆಯಷ್ಟೂ ಸಡಿಲವಾಗಿಲ್ಲ, ಬಂದವರು ಮಾತ್ರ ಮುಖ ಸಣ್ಣದು ಮಾಡಿಕೊಂಡು ಹೋಗುವುದಿಲ್ಲ. ಕನ್ನಡದಲ್ಲೂ ಇದೇ ಕ್ರಮ: ‘ಸಹಿ ಹಾಕಿಲ್ಲ ನೀವು’ ಎನ್ನುವ ಬದಲು ‘ಇಲ್ಲೊಂದು ಸಹಿ ಆಗಬೇಕಿತ್ತಲ್ಲ’ ಎನ್ನಿ.

ಒಂದು ಸಂಗತಿಯಲ್ಲಿ ಮಾತ್ರ ನಮ್ಮ ಪದ್ಧತಿಗೂ ಈ ಪದಕ್ಕೂ ಹೊಂದಾಣಿಕೆ ಇಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು, ಆಸರಿಗೆ ಎಂತ ಬೇಕೆಂದು ಕೇಳುವುದು, ಸಾಕು ಸಾಕು ಎಂದರೂ ಇನ್ನೊಂದು ಸೌಟು ಪಾಯಸ ಬಡಿಸುವುದು ಇಲ್ಲಿ ಉಪಚಾರ. ಇಂಗ್ಲಿಷಿನಲ್ಲಿ ಅದು ‘ಹಾಸ್ಪಿಟಬಲ್’ನ ಬಳಗಕ್ಕೆ ಸೇರುತ್ತದೆ. ಕರ್ಟಿಯಸ್ ಆದವರು ಒಮ್ಮೆ ಅಥವಾ ಎರಡು ಸಲ ಕೇಳಿ, ‘ನೋ, ಥ್ಯಾಂಕ್ ಯು’ ಎಂದಾಗ ಆ ಮಾತನ್ನು ಹಾಗೆಯೇ ಸ್ವೀಕರಿಸುತ್ತಾರೆ. ನಮ್ಮ ಒತ್ತಾಯದ ಹಿಂದಿನ ಪ್ರೀತಿ ಸುಳ್ಳಲ್ಲ, ಆದರ ದೊಡ್ಡ ಗುಣವೇ. ಆದರೆ ಅದನ್ನು ಇಂಗ್ಲಿಷಿನಲ್ಲಿ ಕರ್ಟಿಯಸ್ ಎಂದು ಬರೆದರೆ ಓದುವವರಿಗೆ ಬೇರೆಯೇ ಅರ್ಥ ಹೋಗುತ್ತದೆ. ದಾಕ್ಷಿಣ್ಯಕ್ಕೂ ಹೀಗೆ, ಅದಕ್ಕೆ ಇಂಗ್ಲಿಷಿನಲ್ಲಿ ಸರಿಸಾಟಿಯಾದ ಒಂದು ಪದ ಹುಡುಕಲು ಹೋಗಬೇಡಿ.

ಗೋಡೆಗೆ ಹಾಕಲು ಸಾಲು ಇದು: ‘ಎಲ್ಲ ಗ್ರಾಹಕರೊಂದಿಗೆ ಸೌಜನ್ಯದಿಂದ ವರ್ತಿಸಿ.’ ಕರ್ಟಿಯಸ್ ಎಂಬುದಕ್ಕೆ ‘ಸೌಜನ್ಯ’ ಹತ್ತಿರದ್ದು, ಒಳ್ಳೆಯ ಜನ ನಡೆದುಕೊಳ್ಳುವ ರೀತಿ ಎಂಬುದೇ ಅದರ ಒಳಗಿನ ಅರ್ಥ, ಅದರಲ್ಲಿ ಮೇಲು ಕೀಳು ಇಲ್ಲ. ‘ಸಭ್ಯತೆಯಿಂದ’ ಎಂದರೆ ಅಸಭ್ಯವಾಗಿ ವರ್ತಿಸಬೇಡಿ ಎಂಬ ನೆರಳು ಬೀಳುತ್ತದೆ. ಪಕ್ಕದಲ್ಲಿ ಮಲಯಾಳದ ಸಾಲು ಇರುವುದಿದ್ದರೆ ಅಲ್ಲಿ ‘ಮರ್ಯಾದ’ ಎಂಬ ಪದ ಇರಬಹುದು. ಅದನ್ನು ನೋಡಿ ಕನ್ನಡದಲ್ಲೂ ‘ಮರ್ಯಾದೆಯಿಂದ ವರ್ತಿಸಿ’ ಎಂದು ಬರೆಯಬೇಡಿ. ಮಲಯಾಳದಲ್ಲಿ ಅದು ಸಹಜವಾದ ಸೂಚನೆ, ಕನ್ನಡದಲ್ಲಿ ಗದರಿಕೆ. ‘ಆಲ್’ ಎಂಬುದನ್ನು ಬಿಡಬೇಡಿ, ‘ಎಲ್ಲ’ ಎಂಬ ಪದ ಸಾಲಿನ ಮೊದಲಲ್ಲೇ ಇರಲಿ.